ಅಪ್ಪನ ಉಗ್ಗು ವಾಸಿಯಾದದ್ದು

ದೊಲ್ನಾ ಬ್ರೆಸ್ತಿತ್ಸ, ಬಲ್ಗೇರಿಯಾ
ನವೆಂಬರ್ ೧೫, ಶನಿವಾರ ಬೆಳಗ್ಗೆ

ಪ್ರೀತಿಯ ತಮ್ಮ ವೆಲ್ಕೊ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಕಿತ್ತಳೆಯ ಕ್ರೇಟು ಎತ್ತುವಾಗ ಸೊಂಟಕ್ಕೆ ಉಣ್ಣೆಯ ಪಟ್ಟಿ ಬಿಗಿದುಕೋ ಎಂದು ಹೇಳಿ ಹೇಳಿ ನನ್ನ ಬಾಯಿ ಸವೆಯಿತು. ಫೋನು ಇರುವಾಗ ಅಕ್ಕ ಕಾಗದ ಬರೆದಿದ್ದಾಳಲ್ಲ, ತಲೆಗಿಲೆ ಕೆಟ್ಟಿತೇ ಎಂದು ನಗಬೇಡ. ಸ್ಪೇನಿಗೆ ಹೊರಡುವ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಜೊತೆಗೆ ಸುಟ್ಟ ಮೆಣಸಿನಕಾಯಿ ಗೊಜ್ಜಿನ ಎರಡು ಬಾಟಲಿ ಇಟ್ಟಿದ್ದೇನೆ. ಈ ಸಲ ಅಮ್ಮನಿಗೆ ಒಲೆಯ ಬಳಿ ನಿಲ್ಲಲಾಗಲಿಲ್ಲ, ನಾನೊಬ್ಬಳೇ ಕಾಸಿದ್ದು, ತಳ ಸ್ವಲ್ಪ ಹತ್ತಿದೆ, ಸಹಿಸಿಕೋ. ಹೇಳಬೇಕಾದ ಮಾತನ್ನು ಫೋನಿನಲ್ಲಿ ಹೇಳುವ ಹಾಗಿಲ್ಲ. ಯಾಕೆಂದು ಓದುತ್ತಾ ಹೋದರೆ ನಿನಗೇ ತಿಳಿಯುತ್ತದೆ.

ಅಮ್ಮ ಹೃದಯದ ಮಾತ್ರೆ ನಿಲ್ಲಿಸಿದ್ದಾಳೆ. ನಿನಗೆ ಭಾನುವಾರ ಫೋನಿನಲ್ಲಿ ಅವಳ ಮುಖ ಮಾತ್ರ ಕಾಣುತ್ತದೆ, ಕಾಲು ಕಾಣುವುದಿಲ್ಲ. ಪಾದ ಊದಿ, ಅಪ್ಪನ ಹಳೆಯ ಚಪ್ಪಲಿ ಹಾಕಿಕೊಂಡು ಓಡಾಡುತ್ತಾಳೆ. ಮಲಗಿದರೆ ಉಸಿರು ಕಟ್ಟುತ್ತದೆ, ಹಾಗಾಗಿ ದಿಂಬಿಗೆ ಒರಗಿ ಕೂತೇ ನಿದ್ದೆ. ವಾರಕ್ಕೊಮ್ಮೆ ಬರುವ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಹೀಗೇ ಬಿಟ್ರೆ ಈ ಚಳಿಗಾಲ ದಾಟೋದು ಕಷ್ಟ ಕಣಮ್ಮ" ಎಂದರು. ಮಾತ್ರೆಯನ್ನು ಅರೆದು ಜಾಮಿನಲ್ಲಿ ಕಲಸಿ ಕೊಟ್ಟೆ. ಒಂದು ಚಮಚ ಬಾಯಿಗಿಟ್ಟವಳು ತಟ್ಟೆ ಸರಿಸಿ, "ನಿಮ್ಮಪ್ಪ ಬೇಡ ಅಂದಿದಾರೆ" ಎಂದಳು.

ಹೌದು, ನಮ್ಮಪ್ಪನೇ. ಅವನು ತೀರಿಕೊಂಡು ಆರು ತಿಂಗಳಾದಾಗ ಎಲ್ಲರ ಹಾಗೆ ನಾವೂ ಹೊಸ ನಿಧನಪತ್ರ ಅಚ್ಚು ಹಾಕಿಸಿ ಗೇಟಿಗೆ, ಬೇಕರಿಯ ಬಾಗಿಲಿಗೆ, ಬಸ್ ನಿಲ್ದಾಣದ ಕಂಬಕ್ಕೆ ಅಂಟಿಸಿದೆವಲ್ಲ. ನನ್ನ ಮದುವೆಯಲ್ಲಿ ತೆಗೆದ ಫೋಟೊ, ಕಂದು ಕೋಟು, ಹುಬ್ಬಿನ ಮೇಲೆ ಗಾಯದ ಗುರುತು. ಅಚ್ಚಿನ ಅಂಗಡಿಯವರು ಅಂಥವನ್ನೆಲ್ಲ ತಮ್ಮ ಇಂಟರ್ನೆಟ್ ಪುಟದಲ್ಲೂ ಹಾಕುತ್ತಾರೆ. ಅಲ್ಲಿಂದ ಯಾರೋ ಆ ಫೋಟೊ ಕದ್ದು, ವಿಡಿಯೊ ಮಾಡಿ, ಅಪ್ಪನ ಬಾಯಿ ಅಲ್ಲಾಡಿಸಿದ್ದಾರೆ. ಅಮ್ಮನ ಫೋನಿನಲ್ಲಿ ಈಗ ಅಪ್ಪ ದೊಡ್ಡ ಹೃದಯತಜ್ಞ. ಅದೇ ಕೋಟು, ಅದೇ ಗಾಯ, ಹಿಂದೆ ಆಸ್ಪತ್ರೆಯ ಬಿಳಿ ಗೋಡೆ. ರಾಜಧಾನಿಯಲ್ಲಿ ಕೂತವರು ಪಿಂಚಣಿ ಉಳಿಸಲು ಮುದುಕರಿಗೆ ಮಾತ್ರೆ ತಿನ್ನಿಸಿ ಕೊಲ್ಲುತ್ತಿದ್ದಾರೆ, ಮಾತ್ರೆ ಬಿಸಾಡಿ, ನಮ್ಮ ಹನಿಮದ್ದು ಕುಡಿಯಿರಿ, ಮುಂದಿನ ಚುನಾವಣೆಯಲ್ಲಿ ಅವರಿಗೆ ಬುದ್ಧಿ ಕಲಿಸಿ ಎಂದು ಪಟಪಟನೆ ಹೇಳುತ್ತಾನೆ. ಯಾರು, ರೈಲ್ವೆ ಗೇಟು ಮುಚ್ಚಿ ತೆಗೆದು ಬದುಕಿದ ನಮ್ಮಪ್ಪ. ತನ್ನ ಹೆಸರು ಹೇಳಲೂ ಮೂರು ಸಲ ಉಗ್ಗುತ್ತಿದ್ದ ಮನುಷ್ಯ. ಎಲ್ಲ ಪಕ್ಷದವರನ್ನೂ ಒಂದೇ ಸಮನೆ ಬೈದು, ಮತದಾನದ ದಿನ ಮೀನು ಹಿಡಿಯಲು ಹೋಗುತ್ತಿದ್ದವನು.

ನಾನು ಇದನ್ನೆಲ್ಲ ಹೇಳಲಿಲ್ಲವೇ? ಹೇಳಿದೆ. ಉಗ್ಗಿಲ್ಲ, ದನಿಯೂ ಅಪ್ಪನದಲ್ಲ ಎಂದರೆ, "ಅಲ್ಲಿ ದೇವರು ವಾಸಿ ಮಾಡಿದಾನೆ" ಎಂದಳು. ಅಪ್ಪ ಯಾವಾಗ ಡಾಕ್ಟರಾದ ಎಂದರೆ, "ಬದುಕಿದ್ದಾಗ ಓದೋಕೆ ಬಿಡಲಿಲ್ಲ, ಈಗ ಓದಿದಾರೆ" ಎಂದಳು. ಸಿಟ್ಟಿನಿಂದ, ಅಮ್ಮಾ ಅದು ಶುದ್ಧ ಸುಳ್ಳು ಎಂದೆ. ಅವಳು ನನ್ನನ್ನೇ ಮರುಕದಿಂದ ನೋಡಿ, "ಸತ್ತೋರಿಗೆ ಸುಳ್ಳು ಹೇಳಿ ಏನಾಗ್ಬೇಕು ಮಗಳೇ? ಸುಳ್ಳು ಹೇಳೋರೆಲ್ಲ ಬದುಕಿರೋರೇ" ಎಂದಳು. ಸಾಲು ಸಾಲಾಗಿ ಚುನಾವಣೆ ನಡೆದು ನಮ್ಮ ಶಾಲೆಯ ನೆಲವೇ ಸವೆದಿದೆ, ಕೊಟ್ಟ ಮಾತು ಉಳಿಸಿಕೊಂಡ ಒಬ್ಬ ಪುಣ್ಯಾತ್ಮನನ್ನು ಅವಳಿಗೆ ಎಲ್ಲಿಂದ ತಂದು ತೋರಿಸಲಿ? ಪಕ್ಕದ ಮನೆಯ ರಾಡ್ಕಾ ದೊಡ್ಡಮ್ಮನಂತೂ ದಿನಾ ಬಂದು, ಅಪ್ಪನ ಹೆಸರು ಹಿಡಿದು, "ಸ್ಪಾಸ್ ಈವತ್ತು ಏನಂದ?" ಎಂದು ಕೇಳಿಕೊಂಡು ಹೋಗುತ್ತಾಳೆ. ಈಗ ಅವಳೂ ಹನಿಮದ್ದು ತರಿಸಿದ್ದಾಳೆ.

ಕಳೆದ ತಿಂಗಳು ನಾನು ನೋಡಿಕೊಳ್ಳುವ ವಾಚನಾಲಯಕ್ಕೆ ಜಿಲ್ಲೆಯಿಂದ ಇಬ್ಬರು ಬಂದಿದ್ದರು. ಕೃತಕ ಬುದ್ಧಿಮತ್ತೆಯಿಂದ ಹಳ್ಳಿಗಳ ಹಣೆಬರಹವೇ ಬದಲಾಗುತ್ತದೆ ಎಂದು ಭಾಷಣ ಮಾಡಿದರು. ಛಾವಣಿ ಸೋರುತ್ತದೆ, ಬಕೆಟ್ ಇಟ್ಟಿದ್ದೇನೆ, ಎಡವಬೇಡಿ ಎಂದು ನಾನು ಎಚ್ಚರಿಸಬೇಕಾಯಿತು. ಅವರೇ ತೋರಿಸಿಕೊಟ್ಟರು, ಒಂದು ಫೋಟೊ ಕೊಟ್ಟರೆ ಸಾಕು, ಯಾರಿಂದ ಏನು ಬೇಕಾದರೂ ಹೇಳಿಸಬಹುದು. ನೆರೆದವರು ಚಪ್ಪಾಳೆ ತಟ್ಟಿದರು. ನನಗೆ ಅಲ್ಲೇ ಹೊಳೆಯಿತು, ಅಮ್ಮನ ಕಣ್ಣೆದುರೇ ಇದನ್ನು ಮಾಡಿ ತೋರಿಸಿದರೆ ಅವಳ ಭ್ರಮೆ ಬಿಡುತ್ತದೆ ಎಂದು. ಅಪ್ಪನ ಫೋಟೊ ಮುಟ್ಟಲು ಮನಸ್ಸಾಗಲಿಲ್ಲ. ನಿನ್ನದನ್ನು, ನೀನು ಫೋನಿಗೆ ಕಳಿಸಿದ್ದ ಮಾತಿನ ತುಣುಕಿನ ಜೊತೆ ಹಾಕಿದೆ. ನೀನು ನಕ್ಕು, "ಅಮ್ಮಾ, ಮಾತ್ರೆ ತಗೋ" ಎಂದೆ. ನಿನ್ನ ದನಿ ಕೂಡ ಹಾಗೆಯೇ ಇತ್ತು ಕಣೋ. ನೋಡಿದೆಯಾ ಅಮ್ಮಾ, ಇದನ್ನು ನಾನೇ ಮಾಡಿದ್ದು, ವೆಲ್ಕೊ ಹೀಗೆ ಹೇಳಿಯೇ ಇಲ್ಲ, ಅಪ್ಪನದೂ ಹೀಗೇ ಎಂದು ಹೇಳಿದೆ.

ಅವಳು ಫೋನನ್ನು ಮಡಿಲಲ್ಲಿ ಮಗುಚಿ ಇಟ್ಟುಕೊಂಡಳು. ಆಮೇಲೆ ಕೇಳಿದಳು, "ಹಾಗಾದ್ರೆ ಭಾನುವಾರ ಫೋನ್ ಮಾಡ್ತಾನಲ್ಲ, ಅವನನ್ನ ಯಾರು ಮಾಡಿದ್ದು?"

ವೆಲ್ಕೊ, ಹೋದ ಭಾನುವಾರ ಅವಳು ನಿನಗೆ ಒಂದು ಪ್ರಶ್ನೆ ಕೇಳಿದಳು, ನೆನಪಿದೆಯಾ? ನಿನ್ನ ಮೊದಲ ಹಲ್ಲು ಬಿದ್ದಾಗ ಕಾಗೆಗೆಂದು ಮಾಡಿನ ಮೇಲೆ ಎಸೆದೆವಲ್ಲ, ಅದು ಎಲ್ಲಿ ಹೋಗಿ ಬಿತ್ತು ಎಂದು. ನೀನು ದಣಿದಿದ್ದೆ. "ಅದೆಲ್ಲ ಯಾರಿಗಮ್ಮಾ ನೆನಪಿರುತ್ತೆ" ಎಂದು ನಕ್ಕೆ, ಅಷ್ಟರಲ್ಲಿ ಬಾಯಿ ತೆರೆದಂತೆಯೇ ನಿನ್ನ ಚಿತ್ರ ನಿಂತುಹೋಯಿತು. ಅವಳು ಪರೀಕ್ಷೆ ಮಾಡುತ್ತಿದ್ದಳು ಎಂದು ನಿನಗೆ ಹೇಗೆ ಗೊತ್ತಾಗಬೇಕು? ಸತ್ತ ಅಪ್ಪನ ಚಿತ್ರ ಒಮ್ಮೆಯೂ ತಡವರಿಸುವುದಿಲ್ಲ, ಬದುಕಿರುವ ನೀನು ಮಾತ್ರ ತಡವರಿಸುತ್ತೀಯ. ಅಂದಿನಿಂದ ಅವಳು ನಿನ್ನ ಹೆಸರೆತ್ತಿಲ್ಲ. ಕಲಿಸಿದ್ದನ್ನು ಅರ್ಧ ಮಾತ್ರ ಕಲಿತಳು. ನಿನ್ನನ್ನು ಸುಳ್ಳು ಮಾಡಿದಳು, ಅಪ್ಪನನ್ನು ನಿಜವಾಗಿಯೇ ಇಟ್ಟುಕೊಂಡಳು. ನನಗೆ ದಿಕ್ಕೇ ತೋಚುತ್ತಿಲ್ಲ. ಹಿತ್ತಲಿಗೆ ಹೋಗಿ ಅತ್ತು ಬರುತ್ತೇನೆ, ಮತ್ತೆ ಬಂದು ಮಾತ್ರೆ ಹಿಡಿದು ಅವಳೆದುರು ನಿಲ್ಲುತ್ತೇನೆ.

ನಿನ್ನೆ ಒಂದು ಸಮಾಧಾನದ ಸಂಗತಿ ನಡೆಯಿತು. ಬೆಳಗ್ಗೆ ತಾನಾಗಿಯೇ ತಲೆಗೆ ಕಪ್ಪು ವಸ್ತ್ರ ಕಟ್ಟಿ, ಕೈಚೀಲ ಹಿಡಿದು, ಪಟ್ಟಣದ ಆಸ್ಪತ್ರೆಗೆ ಹೋಗಿ ಬರುತ್ತೇನೆ ಎಂದಳು. ಜೊತೆಗೆ ಬರುತ್ತೇನೆಂದರೆ ಬೇಡವೆಂದಳು. ರಾಡ್ಕಾ ದೊಡ್ಡಮ್ಮ ಕೈಹಿಡಿದು ಬಸ್ಸು ಹತ್ತಿಸಿದಳು. ಸಂಜೆ ಸುಸ್ತಾಗಿ ಬಂದವಳು ನನ್ನ ತಲೆ ಸವರಿದಳು. ಮನಸ್ಸು ಕರಗುತ್ತಿದೆಯೇನೋ. ಮನೆಯನ್ನೂ ಗುಡಿಸಿ ಒರೆಸಲು ಹೊರಟಿರಬೇಕು, ಗೋಡೆಯ ಮೇಲಿದ್ದ ನಿನ್ನ ಸೈನ್ಯದ ಫೋಟೊ ತೆಗೆದಿಟ್ಟಿದ್ದಾಳೆ. ನೀನು ಕೆಲಸ ಬಿಟ್ಟು ಓಡಿ ಬರುವುದು ಬೇಡ. ಅವಳಿಗೊಂದು ಕಾಗದ ಬರೆ, ನಿನ್ನ ಕೋಳಿಕಾಲಿನ ಅಕ್ಷರದಲ್ಲಿ. ಅದನ್ನು ಯಾವ ಯಂತ್ರವೂ ಬರೆಯಲಾರದು. ಹಲ್ಲು ರಾಡ್ಕಾ ದೊಡ್ಡಮ್ಮನ ಹಾಲಿನ ಪಾತ್ರೆಗೆ ಬಿದ್ದಿತ್ತು ಎಂದು ಮೊದಲ ಸಾಲಿನಲ್ಲೇ ಬರೆ.

ದೇವಮಾತೆ ನಿನ್ನನ್ನು ಕಾಯಲಿ. ಬಿಸಿಲಿಗೆ ಟೋಪಿ ಹಾಕಿಕೋ, ಹೊಟ್ಟೆ ತುಂಬ ಉಣ್ಣು.

ನಿನ್ನ ಅಕ್ಕ,
ಜೋರ್ನಿತ್ಸ

ಮರೆತದ್ದಲ್ಲ, ಈಗ ಕಂಡದ್ದು: ಬಸ್ ನಿಲ್ದಾಣದಲ್ಲಿ ನಿಂತು ಬರೆಯುತ್ತಿದ್ದೇನೆ, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಕಂಬದ ಮೇಲೆ ಅಪ್ಪನ ಪಕ್ಕ ನಿನ್ನ ನಿಧನಪತ್ರ ಇದೆ. ಸೈನ್ಯದ ಫೋಟೊ, ಕಪ್ಪು ಅಂಚು, ಅಂಟು ಇನ್ನೂ ಆರಿಲ್ಲ, ರಾಡ್ಕಾ ದೊಡ್ಡಮ್ಮ ಈಗಷ್ಟೇ ಅಂಟಿಸಿರಬೇಕು. ಅಮ್ಮ ಹೋದದ್ದು ಆಸ್ಪತ್ರೆಗಲ್ಲ. ಹೆತ್ತವಳೇ ಹೇಳಿದರೆ ಅಚ್ಚಿನ ಅಂಗಡಿಯವನು ಪುರಾವೆ ಕೇಳುತ್ತಾನೆಯೇ? ಕಿತ್ತು ಹಾಕೋಣವೆಂದರೆ ಬೇಕರಿಯ ಬಾಗಿಲಲ್ಲೂ ಇನ್ನೊಂದು ಇದೆ, ಅದನ್ನು ಓದಿದ ಹೆಂಗಸರು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಾರೆ. ಬೆಳಗ್ಗೆ ಒಲೆಯ ಮೇಲೆ ಸತ್ತವರ ಹೆಸರಿನಲ್ಲಿ ಹಂಚುವ ಗೋಧಿ ಬೇಯುತ್ತಿತ್ತು, ಅಪ್ಪನಿಗೆಂದುಕೊಂಡೆ. ಅದು ನಿನಗೆ. ಕಾಗದ ಬರೆಯಬೇಡ. ಫೋನು ಮಾಡಲೇಬೇಡ. ಇದೇ ಬಸ್ಸು ತಿರುಗಿ ಬರುವಾಗ ಹತ್ತಿ ಬಾ. ಬಂದವನೇ ಬಾಯಿ ತೆರೆಯಬೇಡ, ಅವಳು ಇನ್ನು ಮಾತನ್ನು ನಂಬುವುದಿಲ್ಲ. ನಿನ್ನ ಮುಖವನ್ನು ಅವಳ ಎರಡು ಕೈಗೆ ಕೊಡು.