ಬ-೧೪ ಅವರಿಗೆ, ಹಸಿ ರಾಡಿನ ವಿಷಯ

ಕಪ್ಪತಗುಡ್ಡ,
ಕ್ರಿ.ಶ. ೨೪೧೭, ಫೆಬ್ರವರಿ ಮೂವತ್ತು

ಉಕ್ಕಿನ ಮೇಲೆ ‘ಬ-೧೪’ ಎಂದು ಗುರುತು ಒತ್ತಿ ಹೋದ ಹಿರಿಯರಿಗೆ ಫಕ್ಕೀರಪ್ಪನ ನಮಸ್ಕಾರಗಳು.

ನಿಮ್ಮ ಕ್ಯಾಲೆಂಡರಿನಲ್ಲಿ ಈ ತಾರೀಖು ಇಲ್ಲವೆಂದು ಬಲ್ಲೆ. ನಾವು ಎಲ್ಲ ತಿಂಗಳಿಗೂ ಮೂವತ್ತು ದಿನ ಹಂಚಿ, ಉಳಿದ ಐದನ್ನು ಗಾಳಿಹಬ್ಬಕ್ಕೆ ಇಟ್ಟುಕೊಂಡಿದ್ದೇವೆ. ನಾಲ್ಕು ನೂರು ವರ್ಷಗಳಲ್ಲಿ ಮಾತೂ ಸವೆದಿದೆ. ತಿಳಿಯದ ಪದ ಬಂದರೆ ಕ್ಷಮಿಸಬೇಕು. ನಾನು ಗುಡ್ಡದ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕೂತವನು. ಅದರಲ್ಲೂ ಎರಡು ವರ್ಷ ಬೆಂಚಿನ ಮೇಲೆ ನಿಂತೇ ಕಳೆದೆ.

ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬೆಸುಗೆಯ ರಾಡು ಒಣಗಿಸದವನು ನಾನು. ನನ್ನ ಅಕ್ಕನ ಮಗಳು ನೀಲಗಂಗವ್ವ ಅಲ್ಲ. ಆಕೆಯ ಮೇಲೆ ನಾನು ಹೇಳಿದ್ದು ಸುಳ್ಳು. ಇದನ್ನು ಹೀಗೆ ಮುಂದೆ ತಂದು ಇಟ್ಟದ್ದು ಯಾಕೆಂದು ಕೊನೆಯಲ್ಲಿ ತಿಳಿಯುತ್ತದೆ.

ನೀವು ಬೆಸೆದ ಗಾಳಿಗಂಬಗಳು ಈಗ ತಿರುಗುವುದಿಲ್ಲ. ಅವುಗಳ ಉಕ್ಕನ್ನು ಕತ್ತರಿಸಿ ನಾವು ನೀರುಹಾದಿ ಕಟ್ಟಿದ್ದೇವೆ. ಗುಡ್ಡದ ಮೇಲಿನ ಕೆರೆಯಿಂದ ಹಳ್ಳ ದಾಟಿ ಕೆಳಕೇರಿಗೆ ಹೋಗುವ ದಪ್ಪ ಕೊಳವೆ ಅದು. ಅದನ್ನು ಹೊತ್ತು ನಿಂತಿರುವ ಒಂದೊಂದು ಆಸರೆಯಲ್ಲೂ ಅರ್ಧ ನಿಮ್ಮ ಕಾಲದ ತಗಡು, ಅರ್ಧ ನಮ್ಮ ಕಾಲದ ಕೈ. ಕೆಟ್ಟ ಬೆಸುಗೆ ಹಾಕಿ ಹಳೆಯ ಉಕ್ಕು ಹಾಳು ಮಾಡಿದವನು ಆ ಉಕ್ಕಿನ ಮೇಲೆ ಯಾರ ಗುರುತು ಇದೆಯೋ ಅವರಿಗೆ ಪತ್ರ ಬರೆದು, ಊರ ಮುಂದೆ ಓದಿಸಿ, ಪೊಳ್ಳು ಗಾಳಿಗಂಬದ ಹೊಟ್ಟೆಯೊಳಗೆ ಹಾಕಬೇಕು. ಇದು ನಮ್ಮಲ್ಲಿಯ ಪದ್ಧತಿ. ನಿಮಗೆ ಮುಟ್ಟುತ್ತದೋ ಇಲ್ಲವೋ ದೇವರೇ ಬಲ್ಲ. ಊರಿಗಂತೂ ಮುಟ್ಟುತ್ತದೆ.

ನನ್ನ ಕೈ ಸಾಮಾನ್ಯದ್ದಲ್ಲ. ಇದು ಜಂಬವಲ್ಲ, ಸರಿ, ಜಂಬವೇ. ಬೆಸುಗೆಯ ಚರಿತ್ರೆಯನ್ನು ಹುಡುಗರಿಗೆ ಹೇಳುವವನೂ ನಾನೇ. ಮೊದಲು ಕಮ್ಮಾರರ ಕಾಲ: ಎರಡು ತುಂಡು ಕಬ್ಬಿಣವನ್ನು ಕುಲುಮೆಯಲ್ಲಿ ಬೆಳ್ಳಗೆ ಕಾಯಿಸಿ, ಮರಳು ಇಲ್ಲವೆ ಬಿಳಿಗಾರ ಉದುರಿಸಿ, ಒಂದರ ಮೇಲೊಂದಿಟ್ಟು ಸುತ್ತಿಗೆಯಿಂದ ಬಡಿದು ಒಂದು ಮಾಡುತ್ತಿದ್ದರು. ಬಿಳಿಗಾರ ಕರಗಿ ಕಬ್ಬಿಣದ ಮೇಲಿನ ಹುರುಪೆಯನ್ನು ಕಟ್ಟಿಕೊಂಡು ಹೊರಗೆ ಚಿಮ್ಮುತ್ತಿತ್ತು. ಆಮೇಲೆ ಗ್ಯಾಸಿನ ಕಾಲ ಬಂತು. ಎರಡು ಸಿಲಿಂಡರು, ಒಂದು ನೀಲಿ ಉರಿ, ಬಡಿಯುವ ಕೆಲಸವಿಲ್ಲ, ಅಂಚೇ ಕರಗಿ ಕೂಡುತ್ತದೆ. ಅದರ ನಂತರ ನಿಮ್ಮ ಕರೆಂಟು. ನೀವು ಆರ್ಕ್ ಎನ್ನುತ್ತಿದ್ದುದನ್ನು ನಾವು ಕಿಡಿಬಿಲ್ಲು ಎನ್ನುತ್ತೇವೆ. ರಾಡಿನ ತುದಿಗೂ ತಗಡಿಗೂ ನಡುವೆ ಅದು ಬಾಗಿ ಹಾರುವುದನ್ನು ಕಪ್ಪು ಗಾಜಿನಲ್ಲಿ ನೋಡಿದ್ದೀರಲ್ಲ! ರಾಡಿನ ಮೇಲಿನ ಲೇಪ ಉರಿದು ಹೊಗೆಯಾಗಿ ಗಾಳಿಯನ್ನು ದೂರವಿಡುತ್ತದೆ, ಕಿಟ್ಟವಾಗಿ ಬೆಸುಗೆಗೆ ಹೊದಿಕೆಯಾಗುತ್ತದೆ. ಆರಿದ ಮೇಲೆ ಕುಟ್ಟಿ ತೆಗೆದರೆ ಕೆಳಗೆ ಬೆಳ್ಳಿಯಂಥ ಅಲೆ. ನನ್ನ ಅಲೆ ನೋಡಲು ಕೆಳಕೇರಿಯವರು ಊಟ ಬಿಟ್ಟು ಬರುತ್ತಿದ್ದರು.

ಆ ಲೇಪವೇ ನನ್ನ ಮಾನ ಕಳೆಯಿತು. ಅದು ಉಪ್ಪಿನ ಹಾಗೆ ಗಾಳಿಯ ತೇವ ಹೀರುತ್ತದೆ. ಹಸಿ ರಾಡಿನಲ್ಲಿ ಬೆಸೆದರೆ ತೇವದ ಉಸಿರು ಕರಗಿದ ಉಕ್ಕಿನೊಳಗೆ ಸೇರಿ ಕೂರುತ್ತದೆ. ಬೆಸುಗೆ ಆ ದಿನ ಚೆನ್ನಾಗಿಯೇ ಕಾಣುತ್ತದೆ. ಬಿರಿಯುವುದು ಮರುದಿನ, ಇಲ್ಲವೆ ಅದರ ಮರುದಿನ, ಯಾರೂ ಮುಟ್ಟದಿದ್ದಾಗ. ಆದ್ದರಿಂದ ನಮ್ಮಲ್ಲಿ ಎರಡು ಕಟ್ಟಳೆ. ರಾಡನ್ನು ಒಣಗೂಡಿನಲ್ಲಿ, ಎಂದರೆ ರಾಡು ಕಾಯಿಸುವ ಪೆಟ್ಟಿಗೆಯಲ್ಲಿ, ಎರಡು ಗಂಟೆ ಇಟ್ಟು ಬಿಸಿಯಿರುವಾಗಲೇ ಬಳಸಬೇಕು. ಬೆಸುಗೆಯಾದ ಮೇಲೆ ಎರಡು ದಿನ ಅದರ ಮೇಲೆ ಭಾರ ಹಾಕಬಾರದು. ಇದಕ್ಕೆ ಮಲಗುಪಾಳಿ ಎಂದು ಹೆಸರು. ಬೆಸೆದವನೊಬ್ಬ, ಪಾಳಿ ಕಾಯುವವನೊಬ್ಬ. ಎರಡು ದಿನ ಕಳೆದ ಮೇಲೆ ಎಣ್ಣೆ ಹಚ್ಚಿ ಒರೆಸಿ, ಸೀಮೆಸುಣ್ಣದ ಪುಡಿ ಬಳಿಯುತ್ತೇವೆ. ಬಿರುಕಿದ್ದರೆ ಒಳಗಿನ ಎಣ್ಣೆ ಜಿನುಗಿ ಕಪ್ಪು ಗೆರೆ ಮೂಡುತ್ತದೆ. ಮೂಡದಿದ್ದರೆ ಮಾತ್ರ ಇಬ್ಬರೂ ಮೊಹರು ಒತ್ತುತ್ತಾರೆ.

ಐದು ತಿಂಗಳ ಹಿಂದೆ, ಜಿಟಿಜಿಟಿ ಮಳೆಯ ವಾರದಲ್ಲಿ, ಏಳನೆಯ ಆಸರೆ ಬದಲಿಸಬೇಕಾಯಿತು. ಕೆಳಕೇರಿಯ ಜನರೆದುರು ನಾನು ಎದೆ ಬಡಿದುಕೊಂಡೆ: “ನಾಳೆ ನೀವು ರೊಟ್ಟಿ ಬಡಿಯೂದ್ರಾಗ ನೀರು ಬರಲಿಲ್ಲಂದ್ರ ನನ್ನ ಮೀಸಿ ಬೋಳಸ್ರಿ!” ಎಲ್ಲರೂ ನಕ್ಕರು. ನಾನು ಚೀಲದಿಂದ ರಾಡು ತೆಗೆದೆ. ಪಾಳಿ ಕಾಯಬೇಕಾದವಳು ನೀಲಗಂಗವ್ವ, ಎರಡು ಮಕ್ಕಳ ತಾಯಿ, ಹತ್ತು ವರ್ಷದ ಅನುಭವಸ್ಥೆ. ಮೆಲ್ಲಗೆ ಕೇಳಿದಳು: “ಮಾಮಾ, ರಾಡು ಕಾಸೀರೇನ್ರಿ?”

“ನೀ ಹುಟ್ಟಿದಾಗ ನಿನ್ನ ತೊಟ್ಟಿಲದ ಕೊಂಡಿ ಬೆಸದಾವ ನಾನs. ನನಗ ಪಾಠ ಹೇಳತೀಯೇನು?”

“ತೊಟ್ಟಿಲದಾಗ ನಾನೊಬ್ಬಾಕಿನs ಇದ್ದೆ ಮಾಮಾ. ಇದರ ಮ್ಯಾಲ ಊರಿನ ನೀರೈತಿ.”

ಸುತ್ತಲಿದ್ದವರು ಮತ್ತೆ ನಕ್ಕರು, ಈ ಸಲ ನನ್ನನ್ನು ನೋಡಿ. ಆ ನಗುವಿಗೆ ಸಿಟ್ಟಾಗಿ ಹಸಿ ರಾಡಿನಲ್ಲೇ ಬೆಸೆದೆ. ಸಂಜೆಯೊಳಗೆ ಮೊಹರು ಒತ್ತೆಂದು ಅವಳನ್ನು ಕಾಡಿದೆ. “ಹಿರ್ಯಾನ ಮಾನ ಕಳೀತೀಯೇನು?” ಎಂದೆ. ಒತ್ತಿದಳು. ಮರುದಿನ ನೀರು ಹರಿಯಿತು, ಮೀಸೆ ಉಳಿಯಿತು. ಅದರ ಮರುದಿನ ಮಧ್ಯಾಹ್ನ ಆಸರೆ ಸೀಳಿ, ಕೊಳವೆ ಹಳ್ಳಕ್ಕೆ ಬಿತ್ತು. ಹನ್ನೊಂದು ದಿನ ಕೆಳಕೇರಿಯ ಮುದುಕಿಯರು ಕೊಡ ಹೊತ್ತು ಗುಡ್ಡ ಹತ್ತಿದರು. ಆಮೇಲೆ ಕೊಳವೆಯನ್ನು ಎತ್ತಿ, ಹೊಸ ಆಸರೆ ಆಗುವವರೆಗೆಂದು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದರು.

ಬೆಸುಗೆಯವರಿಗೆ ಮೊಹರು ಕೊಡುವ ಹಿರಿಯಳು ಇಮಾಂಬಿ ಮುರಿದ ಮುಖವನ್ನು ಬಿಸಿಲಿಗೆ ಹಿಡಿದಳು. ಅಲ್ಲಲ್ಲಿ ಮೀನಿನ ಕಣ್ಣಿನಂಥ ಬೆಳ್ಳನೆಯ ಚುಕ್ಕೆಗಳಿದ್ದವು. ಹಸಿ ರಾಡಿನ ಸಾಕ್ಷಿ ಅದು. “ಯಾರ್ರೀ ರಾಡು ಕಾಸಿದವ್ರು?” ಎಂದಳು. ನನ್ನ ಬಾಯಿ ನನಗಿಂತ ಮೊದಲು ಓಡಿತು: “ಕಾಸು ಅಂತ ಈಕೀ ಕೈಯಾಗ ಕೊಟ್ಟಿದ್ದೆ.”

ಹಿರಿಯನ ಮಾತೆಂದು ಎಲ್ಲರೂ ನಂಬಿದರು. ನೀಲಗಂಗವ್ವನ ಮೊಹರು ಕಿತ್ತುಕೊಂಡರು. ನಾಲ್ಕೂವರೆ ತಿಂಗಳು ಅವಳು ಬೇರೆಯವರ ಬೆಸುಗೆಯ ಕಿಟ್ಟ ಕುಟ್ಟಿದಳು. ನಾನು ಪಕ್ಕದ ಕಟ್ಟೆಯ ಮೇಲೆ ಕೂತು ಹುಡುಗರಿಗೆ ಬಿಳಿಗಾರದ ಕತೆ ಹೇಳಿದೆ. ಅವಳು ಒಂದು ಸಲವಾದರೂ ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ.

ಹೋದ ವಾರ ನಿಮ್ಮ ತಗಡನ್ನು ಮತ್ತೆ ಕತ್ತರಿಸುವಾಗ ನಿಮ್ಮ ಹಳೆಯ ಬೆಸುಗೆ ಕಣ್ಣಿಗೆ ಬಿತ್ತು. ಅಲೆ ಚೆಂದವಿಲ್ಲ ಹಿರಿಯರೇ, ಬೇಸರ ಮಾಡಿಕೊಳ್ಳಬೇಡಿ. ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ಆದರೆ ನಾಲ್ಕು ನೂರು ವರ್ಷದ ಗಾಳಿಗೆ ಕೂದಲೆಳೆಯಷ್ಟೂ ಬಿರಿದಿಲ್ಲ. ಅಲ್ಲಿಂದಲೇ ಇಮಾಂಬಿಯ ಮನೆಗೆ ನಡೆದು ಎಲ್ಲ ಹೇಳಿಬಿಟ್ಟೆ. ಅವಳು ನನ್ನ ಮೊಹರು ಇಸಿದುಕೊಂಡು, ನೀಲಗಂಗವ್ವನದನ್ನು ವಾಪಸು ಕೊಟ್ಟಳು. ಪತ್ರ ಬರೆ ಎಂದಳು.

ಬರೆದ ಪತ್ರವನ್ನು ಮೊದಲು ನೀಲಗಂಗವ್ವನಿಗೆ ತೋರಿಸಿದೆ. ಅದರಲ್ಲಿ ಕಮ್ಮಾರರಿಂದ ಹಿಡಿದು ನನ್ನ ಅಲೆಯವರೆಗೆ ಐದು ಪುಟ. ಸುಳ್ಳಿನ ಮಾತು ಕೊನೆಯ ಪುಟದ ಕೊನೆಯ ಸಾಲು. ಓದಿ ಅಂದಳು: “ಆ ಮಾತು ಮೊದಲs ಬರೀರಿ ಮಾಮಾ. ಜನಾ ಕೊನೀತನಾ ಕೂಡ್ರೂದಿಲ್ಲ.” ಅದಕ್ಕೇ ಅದು ಮೇಲೆ ಹೋಗಿದೆ.

ಏಳನೆಯ ಆಸರೆಯನ್ನು ನಿನ್ನೆ ಆಕೆಯೇ ಹೊಸದಾಗಿ ಬೆಸೆದಳು. ಪಾಳಿ ಕಾಯಲು ಯಾರಾದರೂ ಬೇಕೆಂದಾಗ ನನ್ನ ಕಡೆ ಕೈ ತೋರಿಸಿದಳು. ಮೊಹರಿಲ್ಲದವನು ಕಾಯಬಹುದು, ಒತ್ತುವಂತಿಲ್ಲ. ಅದಕ್ಕೆ ನಾಳೆ ಇಮಾಂಬಿ ಬರುತ್ತಾಳೆ. ಈ ಪತ್ರವನ್ನು ಆ ಬೆಸುಗೆಯ ಪಕ್ಕದಲ್ಲೇ ಕೂತು ಹೊಸದಾಗಿ ಬರೆಯುತ್ತಿದ್ದೇನೆ. ಕೆಳಕೇರಿಯವರು ಬಂದು “ಇನ್ನೂ ಎಷ್ಟೊತ್ತು?” ಎಂದು ಕೇಳುತ್ತಾರೆ. ನಾಳೆ ಮಧ್ಯಾಹ್ನ, ಅದಕ್ಕೂ ಮೊದಲಿಲ್ಲ ಎನ್ನುತ್ತೇನೆ. ಮೀಸೆಯನ್ನು ಇಂದು ಬೆಳಿಗ್ಗೆ ನಾನೇ ತೆಗೆದಿದ್ದೇನೆ. ನೋಡಿ ನಗುತ್ತಾರೆ, ನಗಲಿ.

ನಿಮ್ಮಲ್ಲಿ ಒಂದೇ ಕೇಳಿಕೆ. ನಿಮ್ಮ ಅಂಗಡಿಯಲ್ಲಿ ಯಾರಾದರೂ ಚಿಕ್ಕವರು, ರಾಡು ಕಾಯಿಸಿದಿರಾ ಎಂದು ಕೇಳಿದರೆ, ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರ ಕೊಡಿ. ನನಗೆ ಆ ದಿನ ಬೇಕಾಗಿದ್ದದ್ದು ಅಷ್ಟು ಸಣ್ಣ ಮಾತು.

ನಾಳೆ ಸುಣ್ಣ ಬಳಿಯುವವನು ನಾನು. ಗೆರೆ ಮೂಡಿದರೂ ಮೂಡದಿದ್ದರೂ, ಕಂಡದ್ದನ್ನೇ ಹೇಳುತ್ತೇನೆ.

ಮೊಹರಿಲ್ಲದ,
ಫಕ್ಕೀರಪ್ಪ