ಡಬ್ಬಿ ಮೆಣಸಿನಕಾಯಿಯ ಸಾಕ್ಷಿ

ಬ್ಯಾಡಗಿ
ಮಂಗಳವಾರ, ೧೩ ಫೆಬ್ರುವರಿ ೨೦೦೭

ಪ್ರೀತಿಯ ತಂಗಿ ಸುಶೀಲವ್ವಾ,

ಅಕ್ಕ ಹೊನ್ನವ್ವನ ಆಶೀರ್ವಾದ. ನಿನ್ನ ಮೊಣಕಾಲು ನೋವು ಈಗ ಹೇಗಿದೆ? ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಳ್ಳುತ್ತೀಯೋ, ಹೇಳಿದ ಮಾತು ಕೇಳದ ಹಳೇ ಚಾಳಿ ಹಾಗೇ ಇದೆಯೋ? ರಾಣೇಬೆನ್ನೂರಿಗೆ ಫೋನು ಮಾಡಬಹುದಿತ್ತು. ಆದರೆ ನನ್ನ ದನಿ ಕೇಳಿದೊಡನೆ ಇಟ್ಟುಬಿಡುತ್ತೀ, ಇಡುವುದು ಸರಿಯೇ. ಕಾಗದವನ್ನಾದರೆ ಒಂದು ಸಲ ಕಣ್ಣಾಡಿಸಿಯೇ ಹರಿಯುತ್ತೀ ಎಂದು ಬರೆಯುತ್ತಿದ್ದೇನೆ.

ನಿನ್ನೆ ನಿಮ್ಮ ಮಾಮಾ, ನಮ್ಮನೆಯವರು, ಮೆಣಸಿನಕಾಯಿ ಪೇಟೆಯ ಒಳಗೆ ಕಾಲಿಟ್ಟರು. ಎರಡು ವರ್ಷದ ಮೇಲೆ! ಬರೆಯುತ್ತ ಕೈ ನಡುಗುತ್ತಿದೆ, ಅಕ್ಷರ ಸೊಟ್ಟಗಾದರೆ ನಗಬೇಡ.

ಆ ದಿನದ್ದು ನಿನಗೆ ಗೊತ್ತೇ ಇದೆ. ಗೋದಾಮಿನಲ್ಲಿ ಚೀಲಗಳ ಅಟ್ಟಿ ಕುಸಿದು ಇವರ ಜೊತೆಯ ಹಮಾಲ ರಹಿಮಾನಸಾಬ ಅಡಿಯಲ್ಲಿ ಸಿಕ್ಕಿಕೊಂಡ. ಇವರೇ ಚೀಲ ಎಳೆದೆಳೆದು ಅವನನ್ನು ಹೊರಗೆ ತೆಗೆದರು. ಮುರಿದ ಕಾಲು ಕೂಡಿ ಅವನು ಆರು ತಿಂಗಳಿಗೆ ಕೆಲಸಕ್ಕೆ ಬಂದ. ಕೂದಲೂ ಕೊಂಕದ ಇವರು ಮೂಲೆ ಹಿಡಿದರು. ಪೇಟೆಯ ಕಡೆ ಹೊರಟರೆ ಸಾಕು, ಬೆವರು, ಎದೆ ಢವಢವ, ಉಸಿರು ಕಟ್ಟುವುದು. ಊರೆಲ್ಲ ಕೆಮ್ಮುವ ಈ ಬ್ಯಾಡಗಿಯಲ್ಲಿ ಉಸಿರು ಕಟ್ಟಿತೆಂದರೆ ಜನ ಇನ್ನೇನು ಅಂದಾರು? "ಘಾಟ ಹತ್ತೇತಿ, ಬೆಲ್ಲಾ ತಿನ್ನಸ್ರಿ" ಅಂದರು. ತಿನ್ನಿಸಿದೆ. ದೇವರಗುಡ್ಡಕ್ಕೆ ಹರಕೆ ಹೊತ್ತೆ. ಇ.ಸಿ.ಜಿ. ತೆಗೆದ ಡಾಕ್ಟರು, "ಎದಿ ಗಟ್ಟಿ ಐತ್ರಿ, ಮನಸಿನ ಡಾಕ್ಟರಿಗೆ ತೋರಸ್ರಿ" ಅಂದರೆ, "ನಮ್ಮನ್ಯಾಗ ಹುಚ್ಚ ಹಿಡದಾವ್ರು ಯಾರೂ ಇಲ್ರಿ" ಎಂದು ಅವರ ಮೇಲೇ ಹರಿಹಾಯ್ದೆ. ನನ್ನ ಬಾಯಿ ನಿನಗೆ ಹೊಸದಲ್ಲವಲ್ಲ.

ಆಮೇಲೆ ದೃಷ್ಟಿ ತೆಗೆದೆ. ಏಳು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದರೆ ಘಾಟೇ ಏಳಲಿಲ್ಲ. ಘಾಟು ಏಳದಿದ್ದರೆ ಕಣ್ಣು ಬಿದ್ದಿದೆ ಎಂದಲ್ಲವೇ ಅವ್ವ ನಮಗೆ ಕಲಿಸಿದ್ದು? ಪ್ರತಿ ಅಮಾವಾಸ್ಯೆಗೆ ಹಾಕಿದೆ, ಒಂದು ಸಲವೂ ಏಳಲಿಲ್ಲ. ಅಟ್ಟಿ ಬಿದ್ದ ದಿನ ಮುಂಜಾನೆ, "ಮಾಮಾ ಇನ್ನೂ ಕಲ್ಲಿನಂಗ ಅದಾರ" ಎಂದು ನಗುತ್ತ ಹೇಳಿದ್ದವಳು ನೀನು. ನಿನ್ನ ಕಣ್ಣೇ ಬಿತ್ತು ಎನ್ನಲು ನನ್ನ ತಲೆಗೆ ಅಷ್ಟೇ ಸಾಕಾಯಿತು. ಅವರನ್ನು ಮಾತಾಡಿಸಲು ಬಂದ ನಿನ್ನನ್ನು, ಒಡಹುಟ್ಟಿದವಳನ್ನು, ಓಣಿಯ ಎದುರಿಗೆ ಹೊಸ್ತಿಲ ಹೊರಗೇ ನಿಲ್ಲಿಸಿ ಬಾಯಿಗೆ ಬಂದದ್ದು ಅಂದೆ.

ಹೋದ ದೀಪಾವಳಿಯ ನಂತರ ಮಗ ಶಶಿಕಾಂತ ಹಟ ಹಿಡಿದು ಹಾವೇರಿಗೆ ಕರೆದುಕೊಂಡು ಹೋದ. ಪುಷ್ಪಲತಾ ಎಂಬ ಮನಸ್ಸಿನ ಡಾಕ್ಟರು, ನಮ್ಮ ಪಕ್ಕದ ಮೋಟೆಬೆನ್ನೂರಿನ ಮಗಳಂತೆ. ನಾನು ಜಂಬದಿಂದ ದೃಷ್ಟಿಯ ಕಥೆಯನ್ನೆಲ್ಲ ಹೇಳಿದೆ. ಆಕೆ ನಗಲಿಲ್ಲ, ಮೆಲ್ಲಗೆ ಕೇಳಿದರು: "ಯಾವ ಕಾಯಿ ಹಾಕಿದ್ರಿ, ಅವ್ವಾರ?" "ನಮ್ಮ ಡಬ್ಬಿ ಕಾಯಿರಿ." "ಡಬ್ಬಿ ಕಾಯಿ ಬರೇ ಬಣ್ಣಕ್ಕರಿ. ಅದನ್ನ ಸುಟ್ಟರ ಘಾಟ ಎಲ್ಲಿಂದ ಬರಬೇಕ್ರಿ?"

ಮೂವತ್ತು ವರ್ಷ ಅದೇ ಕಾಯಿಯ ತೊಟ್ಟು ಮುರಿದ ಕೈ ಇದು, ತಂಗಿ. ನೆಲ ಬಿರಿಯಬಾರದೇ ಅನ್ನಿಸಿತು. ಮನೆಗೆ ಬಂದು ಗುಂಟೂರಿನ ಕಾಯಿ ಏಳು ತರಿಸಿ, ಇವರಿಗೇ ಇಳಿಸಿ ಒಲೆಗೆ ಹಾಕಿದೆ. ಓಣಿಯ ನಾಯಿ ಕೂಡ ಸೀನಿತು! ನಾನು ಕೆಮ್ಮುತ್ತಲೇ ಕೂತು ಅತ್ತೆ.

ಡಾಕ್ಟರು ಹೇಳಿದ್ದು ಇದು: "ಅಟ್ಟಿ ಬಿದ್ದಾಗಿನ ಹೆದರಿಕಿ ಮೈಯಾಗ ಉಳದೈತ್ರಿ. ಪ್ಯಾಟಿ ಕಂಡ್ರ ಸಾಕು, ಈಗ ಬೀಳಾಕತ್ತೇತಿ ಅಂತ ಮೈ ತಿಳಕೊಂತೈತಿ. ಇದು ಹುಚ್ಚಲ್ರಿ, ವಾಸಿ ಆಗ್ತೈತಿ." ಗುಳಿಗೆ ಕೊಟ್ಟರು. ಹೆದರಿಕೆ ಎಲ್ಲಿ ಶುರುವಾಗುತ್ತದೋ ಅಲ್ಲೇ, ಅದು ಇಳಿಯುವ ತನಕ ನಿಂತು ಬರಬೇಕು, ಓಡಬಾರದು ಅಂದರು. ಮೊದಲ ವಾರ ನಮ್ಮ ಓಣಿಯ ತಿರುವು. ಆಮೇಲೆ ಸ್ಟೇಷನ್ನಿನ ರಸ್ತೆ. ಆಮೇಲೆ ಪೇಟೆಯ ಗೇಟು. ದಿನವೂ ಜೊತೆಗೆ ಹೋದವನು ರಹಿಮಾನಸಾಬ, ಕುಂಟುತ್ತ.

ನಿನ್ನೆ ನಾನೂ ಹಿಂದೆ ಹೋದೆ. ಗೇಟಿನಲ್ಲಿ ಇವರ ಅಂಗಿ ತೊಯ್ದು ಹೋಯಿತು. "ಎದಿ ಹೊಡಕೊಳ್ಳಾಕತ್ತೇತೋ" ಅಂದರು. "ಹೊಡಕೊಳ್ಳಲಿ ಬಿಡೋ ಶಂಕ್ರಪ್ಪಾ. ದಣದ ಮ್ಯಾಲ ತಾನ ಸುಮ್ಮನಾಗ್ತೈತಿ, ಆಮ್ಯಾಲ ಹೋಗೂಣು" ಅಂದ ಅವನು. ನಿಂತರು. ಎಷ್ಟು ಹೊತ್ತೋ! ಆಮೇಲೆ ಆ ಕೆಂಪು ರಾಶಿಗಳ ನಡುವೆ ನಡೆದು ಹೋಗಿ, ಆಳೆತ್ತರದ ಅಟ್ಟಿಯ ಮೇಲೆ ಅಂಗೈ ಇಟ್ಟು ನಿಂತರು. ನಾನು ಬೆರಗಾಗಿ ಹೋದೆ, ಸುಶೀಲವ್ವಾ. ಚೀಲ ಹೊತ್ತು ಎಪ್ಪತ್ತು ಮೆಟ್ಟಿಲು ಏರಿದಾಗಲೂ ನನ್ನ ಗಂಡ ನನಗೆ ಇಷ್ಟು ದೊಡ್ಡವರಾಗಿ ಕಂಡಿರಲಿಲ್ಲ. ಮನಸ್ಸು ಎನ್ನುವುದು ಎಷ್ಟು ಆಳವೇ! ಮೂವತ್ತೈದು ವರ್ಷ ಜೊತೆಗೆ ಬದುಕಿದವರೊಳಗೆ ಹೀಗೊಂದು ಜಗತ್ತು ಇದ್ದುದು ನನಗೆ ಗೊತ್ತೇ ಇರಲಿಲ್ಲ.

ನಿನ್ನ ಮೇಲೆ ಹೊರಿಸಿದ್ದು ಸುಳ್ಳು. ತಪ್ಪು ನನ್ನದು. ಹಿರಿಯಳಾಗಿ ನಿನ್ನ ಕಾಲು ಮುಟ್ಟಿದರೆ ನಿನಗೆ ಪಾಪ ಸುತ್ತಿಕೊಳ್ಳುತ್ತದೆ, ಅದಕ್ಕೇ ಕಾಗದದಲ್ಲಿ ಮುಟ್ಟಿದ್ದೇನೆ. ನಿಮ್ಮವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ನಿನ್ನ ಅಕ್ಕ,
ಹೊನ್ನವ್ವ

ತಾ.ಕ.: ಮೊನ್ನೆ ಹೋದಾಗ ಡಾಕ್ಟರು ಕೊನೆಗೆ ನನ್ನ ಕಡೆ ತಿರುಗಿ, "ನೀವು ಹೆಂಗದೀರಿ, ಅವ್ವಾರ?" ಅಂದರು. ಎರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ನನಗೆ ನಿದ್ದೆಯಿಲ್ಲ, ಅನ್ನ ಸೇರುವುದಿಲ್ಲ, ಕೈ ನಡುಗುತ್ತದೆ. ಈ ಕಾಗದದ ಅಕ್ಷರ ಸೊಟ್ಟಗಿರುವುದು ಸಂತೋಷಕ್ಕೆ ಮಾತ್ರ ಅಲ್ಲ. ಮುಂದಿನ ವಾರದ ಬುಧವಾರ, ೨೧ನೇ ತಾರೀಖು, ಹನ್ನೊಂದು ಗಂಟೆಗೆ ನನ್ನನ್ನೇ ನೋಡುತ್ತಾರೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ. ಒಬ್ಬಳೇ ಒಳಗೆ ಹೋಗಲು ಹೆದರಿಕೆ ತಂಗಿ, ಬಾ.