ದಿನಾ ಹೆಪ್ಪು ಕೇಳಲು ಬರುವ ಇಲಾಖೆಗೆ

ಬಿತ್ತನೆ ಬೀಜ ವಿತರಣೆಯ ತಂತ್ರಾಂಶವನ್ನು ನೋಡಿಕೊಳ್ಳುವ ಗಣಕ ವಿಭಾಗದ ಮುಖ್ಯಸ್ಥರಿಗೆ

ಮಾನ್ಯರೇ,

ಕಳೆದ ತಿಂಗಳು ರಾಜ್ಯದ ತುಂಬ ಬೀಜ ವಿತರಣೆ ನಿಂತುಹೋದದ್ದಕ್ಕೆ "ಹೊರಗಿನ ಖಾಸಗಿ ಸಂಸ್ಥೆಯೊಂದರ ಸರ್ವರ್ ವೈಫಲ್ಯವೇ ಕಾರಣ" ಎಂದು ತಾವು ಪತ್ರಿಕೆಗಳಿಗೆ ಹೇಳಿಕೆ ಕೊಟ್ಟಿದ್ದೀರಿ. ಆ ಖಾಸಗಿ ಸಂಸ್ಥೆ ನಾನೇ. ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಗಣಕ ವಿಜ್ಞಾನದ ಪಾಠ ಹೇಳುತ್ತೇನೆ, ಹಿಟ್ಟಿನ ಗಿರಣಿಯ ಮೇಲಿನ ಬಾಡಿಗೆ ಮನೆಯಲ್ಲಿರುತ್ತೇನೆ. ನನ್ನ ಸಂಸ್ಥೆಗೆ ಕಚೇರಿ ಇಲ್ಲ, ಬೋರ್ಡಿಲ್ಲ, ಸಿಪಾಯಿ ಇಲ್ಲ, ಸಂಬಳವಂತೂ ಇಲ್ಲವೇ ಇಲ್ಲ. ಜೊತೆಗೆ ಇನ್ನಿಬ್ಬರಿದ್ದಾರೆ: ಫಿನ್‌ಲ್ಯಾಂಡಿನ ಒಬ್ಬ ಶಾಲಾ ಮಾಸ್ತರರು, ಬ್ರೆಜಿಲ್ ದೇಶದ ರೈಲ್ವೆಯಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು. ನಾವು ಒಬ್ಬರ ಮುಖ ಒಬ್ಬರು ಎದುರಿಗೆ ನೋಡಿದವರಲ್ಲ.

ನಾವು ಮಾಡುವ ಕೆಲಸ ಏನೆಂದು ತಮಗೆ ವಿವರಿಸಬೇಕಾಗಿ ಬಂದದ್ದೇ ಒಂದು ಸೋಜಿಗ. ಯಾಕೆಂದರೆ ತಮ್ಮ ವಿತರಣೆಯೆಲ್ಲ ಅದರ ಮೇಲೆಯೇ ನಿಂತಿದೆ. ತಮ್ಮ ತಂತ್ರಾಂಶವನ್ನು ಬರೆದಿರುವುದು ಒಂದು ಮುಕ್ತ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಮುಕ್ತ ಎಂದರೆ ಯಾರು ಬೇಕಾದರೂ ಬಳಸಬಹುದು, ಯಾರೂ ದುಡ್ಡು ಕೇಳುವುದಿಲ್ಲ. ಆ ಭಾಷೆಯಲ್ಲಿ ಬರೆಯುವವರು ಎಲ್ಲವನ್ನೂ ತಾವೇ ಮೊದಲಿನಿಂದ ಬರೆಯುವುದಿಲ್ಲ. ತಾರೀಖು ಲೆಕ್ಕ ಹಾಕುವುದು, ರಸೀದಿ ಅಚ್ಚು ಮಾಡುವುದು, ಕನ್ನಡದ ಒತ್ತಕ್ಷರ ಒಡೆಯದಂತೆ ಮೂಡಿಸುವುದು, ಇಂಥವಕ್ಕೆಲ್ಲ ಬೇರೆಯವರು ಮಾಡಿಟ್ಟ ಸಿದ್ಧ ತುಣುಕುಗಳಿವೆ. ಅವಕ್ಕೆ ಪ್ಯಾಕೇಜ್ ಎನ್ನುತ್ತಾರೆ. ಆ ಪ್ಯಾಕೇಜ್‌ಗಳೆಲ್ಲ ಬಂದು ಸೇರುವ ಉಗ್ರಾಣವನ್ನು ಕಾಯುವವರು ನಾವು ಮೂವರು. ಯಾರಾದರೂ ಕಳ್ಳ ಮಾಲು ತಂದು ಸೇರಿಸಿದರೆ ಹುಡುಕಿ ತೆಗೆಯಬೇಕು, ಹಳೆಯದು ಕೆಡದಂತೆ ನೋಡಬೇಕು, ಕೇಳಿದವರಿಗೆ ಕೇಳಿದ್ದನ್ನು ಕೇಳಿದ ಗಳಿಗೆಯಲ್ಲಿ ಕೊಡಬೇಕು. ಹಬ್ಬ ಹುಣ್ಣಿಮೆ ಎನ್ನದೆ ವರ್ಷಗಟ್ಟಲೆ ಇದನ್ನು ಮಾಡಿಕೊಂಡು ಬಂದಿದ್ದೇನೆ. ದಣಿದಿದ್ದೇನೆ ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಇನ್ನು ದೂರು. ನಮ್ಮ ಕಡೆ ಮನೆಯಲ್ಲಿ ಹೆಪ್ಪು ತೀರಿದರೆ ಬಟ್ಟಲು ಹಿಡಿದು ನೆರೆಮನೆಗೆ ಹೋಗುತ್ತೇವೆ. ಯಾರೂ ಇಲ್ಲ ಎನ್ನುವುದಿಲ್ಲ. ಆದರೆ ಒಮ್ಮೆ ತಂದ ಮೇಲೆ ಮರುದಿನಕ್ಕೆಂದು ಒಂದು ಚಮಚ ಮೊಸರು ತೆಗೆದಿಡುವುದು ತಂದವರ ಕೆಲಸ. ತಮ್ಮ ತಂತ್ರಾಂಶ ತೆಗೆದಿಡುವುದಿಲ್ಲ. ವಿತರಣಾ ಕೇಂದ್ರದ ಪ್ರತಿಯೊಂದು ಕಂಪ್ಯೂಟರೂ ಚಾಲೂ ಆದಾಗೊಮ್ಮೆ ನಮ್ಮ ಉಗ್ರಾಣಕ್ಕೆ ಓಡಿಬಂದು, ಬೆಳಗ್ಗೆ ಒಯ್ದ ಅದೇ ಪ್ಯಾಕೇಜ್‌ಗಳನ್ನು ಮತ್ತೆ ಪೂರ್ತಿ ಹೊತ್ತೊಯ್ಯುತ್ತದೆ. ಇದನ್ನು ಬರೆದುಕೊಟ್ಟ ಗುತ್ತಿಗೆದಾರರು ಕರೆಂಟು ಹೋಗದ ಊರಿನವರೇ ಇರಬೇಕು. ನಮ್ಮ ರಾಮದುರ್ಗ, ಸವದತ್ತಿ ಕಡೆ ಮುಂಗಾರಿನ ಮಿರಗದ ಮಳೆ ನಾಲ್ಕು ಹನಿ ಬಿದ್ದರೆ ಸಾಕು, ಕರೆಂಟು ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಬಂದಾಗಲೆಲ್ಲ ಕಂಪ್ಯೂಟರು ಹೊಸದಾಗಿ ಚಾಲೂ ಆಗುತ್ತದೆ, ನಮ್ಮ ಬಾಗಿಲು ಬಡಿಯುತ್ತದೆ. ಮಳೆ ಬಿದ್ದ ದಿನವೇ ಜನ ಬೀಜಕ್ಕೆ ಬರುತ್ತಾರೆ ಎಂಬುದನ್ನು ಬೀಜದ ಇಲಾಖೆಗೆ ನಾನು ಹೇಳಿಕೊಡಬೇಕೇ?

ಅಂದು ಆದದ್ದು ಇಷ್ಟೇ. ಒಳ್ಳೆಯ ಮಳೆ ಬಿತ್ತು, ಎಲ್ಲ ಕಡೆ ಕರೆಂಟು ಹೋಗಿ ಬಂತು, ಕೇಂದ್ರಗಳೆಲ್ಲ ಒಟ್ಟಿಗೇ ನಮ್ಮ ಮೇಲೆ ಮುಗಿಬಿದ್ದವು. ಉಗ್ರಾಣದ ಸರ್ವರ್ ತಡೆಯಲಾರದೆ ಮಲಗಿತು. ಆಗ ತಮ್ಮ ಸಹಾಯವಾಣಿಯವರು ಎಲ್ಲ ಕೇಂದ್ರಗಳಿಗೂ ಕೊಟ್ಟ ಸಲಹೆ: ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಚಾಲೂ ಮಾಡಿ! ನಾನು ಒಂದು ಸಲ ಎಬ್ಬಿಸಿದರೆ ಅವರು ಹತ್ತು ಸಲ ಬೀಳಿಸುತ್ತಿದ್ದರು. ಪಾಠ ಅರ್ಧಕ್ಕೆ ನಿಲ್ಲಿಸಿ ಹೊರಗೆ ಬಂದು ನಿಂತಿದ್ದಾಗ ನಮ್ಮೂರು ಸುರೇಬಾನದಿಂದ ನಮ್ಮವ್ವ ಕೆಂಪವ್ವನ ಫೋನು ಬಂತು. ಹೆಸರುಕಾಳಿನ ಬೀಜಕ್ಕೆಂದು ಅವಳೂ ಅಲ್ಲಿಯ ಕೇಂದ್ರದ ಮುಂದೆ ಪಾಳಿ ಹಚ್ಚಿ ಸಾಲಿನಲ್ಲಿ ನಿಂತಿದ್ದಳು.

"ಪ್ರಜ್ಞಾ, ಇಲ್ಲಿ ಸರ್ವರ್ ಬಿದ್ದೈತಂತ. ಮುಂಜಾನಿಂದ ನಿಂತೇನಿ. ನೀ ಕಂಪ್ಯೂಟರ್ ಕಲಸಾಕಿ ಅಲ್ಲ, ಯಾವಾಗ ಏಳತೈತಿ ಹೇಳು."

"ಅವ್ವಾ, ಅದು ನಮ್ಮದ ಸರ್ವರ್. ಎಬ್ಬಸಾಕ ಹತ್ತೇನಿ."

ಅವ್ವ ದನಿ ತಗ್ಗಿಸಿದಳು.

"ನಿಂದಾ? ಅಯ್ಯ ನನ್ನವ್ವ! ಅದನ್ನ ನಡಸಾಂವನ ಕೈ ಸೇದಿ ಹೋಗ್ಲಿ ಅಂತ ಈಗರ ಬೈದ್ನಲ್ಲ. ಪಾಳ್ಯಾಗ ಇದ್ದವರೆಲ್ಲಾ ಬೈಯಾಕ ಹತ್ಯಾರ. ನಿಂದು ಅಂತ ಯಾರ ಮುಂದೂ ಹೇಳಬ್ಯಾಡ ಮತ್ತ."

"ಹೇಳೂದಿಲ್ಲ. ನೀ ಎಲ್ಲೆರ ನೆಳ್ಳಿಗೆ ಕುಂದ್ರು."

"ನಾ ಕುಂದ್ರತೇನಿ. ಹೊಲದಾಗಿನ ಹದಾ ಕುಂದ್ರತೈತೇನು?"

ಹದ ಕುಳಿತುಕೊಳ್ಳಲಿಲ್ಲ. ಬೀಜ ಕೈಗೆ ಬರುವ ಹೊತ್ತಿಗೆ ಬಿಸಿಲು ಬಿದ್ದು ಮೇಲಿನ ಮಣ್ಣು ಒಣಗಿತ್ತು. ಮುಂದಿನ ಮಳೆ ಎಂದೋ ಎಂದು ಅವ್ವ ಅದರಲ್ಲೇ ಬಿತ್ತಿಸಿದಳು. ಮೊನ್ನೆ ಹೋಗಿ ನೋಡಿ ಬಂದೆ; ಅಲ್ಲೊಂದು ಇಲ್ಲೊಂದು ಹುಟ್ಟಿದೆ. ಅವ್ವ ನನಗೆ ರೊಟ್ಟಿ ಬಡಿದು ಹಾಕಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹೀಗಾಗುತ್ತದೆ ಎಂದು ನಾನು ಮೊದಲೇ ತಮಗೆ ಬರೆದಿರಲಿಲ್ಲವೇ? ಪ್ಯಾಕೇಜ್‌ಗಳ ಒಂದು ಪ್ರತಿಯನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಿ, ಕೇಂದ್ರಗಳು ಅಲ್ಲಿಂದ ಒಯ್ಯಲಿ ಎಂದು, ಮಾಡುವ ಬಗೆಯನ್ನೂ ಕನ್ನಡದಲ್ಲಿ ಬಿಡಿಸಿ ಬರೆದು ಕಳಿಸಿದ್ದೆ. "ಕಂಪನಿಯ ಲೆಟರ್‌ಹೆಡ್‌ನಲ್ಲಿ, ಜಿಎಸ್‌ಟಿ ಸಂಖ್ಯೆಯೊಂದಿಗೆ ಸಲ್ಲಿಸತಕ್ಕದ್ದು" ಎಂಬ ಉತ್ತರ ಬಂತು. ಸರ್ವರ್ ಬಿದ್ದ ಮೇಲೆ ಮಾತ್ರ, ಸೇವೆಗೆ ವ್ಯತ್ಯಯ ತಂದದ್ದೇಕೆ ಎಂದು ಕಾರಣ ಕೇಳುವ ನೋಟಿಸು ಸೀದಾ ಗಿರಣಿಯ ಮೆಟ್ಟಿಲೇರಿ ಬಂತು. ಲೆಟರ್‌ಹೆಡ್ ಇಲ್ಲದವಳ ವಿಳಾಸ ಈಗ ಹೇಗೆ ಸಿಕ್ಕಿತು, ಸ್ವಾಮಿ? ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ನಾವು ತಮ್ಮ ಟೆಂಡರು ಹಿಡಿದವರಲ್ಲ, ಕರಾರಿಗೆ ಸಹಿ ಹಾಕಿದವರಲ್ಲ. ಯಾರೋ ಕೇಳಿದರು, ಕೊಟ್ಟೆವು.

ನನ್ನ ಬೇಡಿಕೆ ಸಣ್ಣದು. ಹಿಂಗಾರಿಯ ಕಡಲೆ, ಬಿಳಿಜೋಳದ ಬೀಜ ಹಂಚುವ ಮುನ್ನ ತಮ್ಮ ಕಚೇರಿಯ ಒಂದು ಯಂತ್ರದಲ್ಲಿ ಆ ಪ್ರತಿ ಇಡಿಸಿ. ಒಂದು ಮಧ್ಯಾಹ್ನದ ಕೆಲಸ. ತಮ್ಮವರಿಗೆ ಬಾರದಿದ್ದರೆ ನಾನೇ ಬಸ್ಸು ಹತ್ತಿ ಬಂದು ಕೂಡಿಸಿಕೊಡುತ್ತೇನೆ, ಭತ್ಯೆ ಬೇಡ. ಪತ್ರಿಕೆಗೆ ಕೊಟ್ಟ ಹೇಳಿಕೆಯನ್ನು ತಿದ್ದಿದರೆ ಸಂತೋಷ, ತಿದ್ದದಿದ್ದರೂ ನಡೆದೀತು.

ಇಲಾಖೆಯ ಕಂಪ್ಯೂಟರುಗಳಿಗೆ ಉಗ್ರಾಣದ ಬಾಗಿಲು ಹಾಕಿಬಿಡೋಣ ಎಂದು ನನ್ನ ಇಬ್ಬರು ಜೊತೆಗಾರರು ಹೇಳುತ್ತಿದ್ದಾರೆ. ಅಂದು ಇಡೀ ಪ್ರಪಂಚದ ಬಳಕೆದಾರರು ಒದ್ದಾಡಿದ್ದಾರೆ, ಅವರ ಮಾತಿನಲ್ಲಿ ತಪ್ಪೇನಿಲ್ಲ. ನಿಮ್ಮ ಸರ್ಕಾರ, ನೀವೇ ತೀರ್ಮಾನಿಸಿ ಎಂದು ಕೀಲಿಯನ್ನು ನನ್ನ ಕೈಗೆ ಬಿಟ್ಟಿದ್ದಾರೆ. ನಾನು ಹಾಕಿಲ್ಲ. ಹಾಕಲು ಕೈ ಬರುವುದಿಲ್ಲ. ತಮ್ಮ ಇಡೀ ವ್ಯವಸ್ಥೆಗೆ ಸದ್ಯ ಇರುವ ಭದ್ರತೆ ಇದೊಂದೇ ಎಂಬುದು ತಮಗೆ ತಿಳಿದಿರಲಿ.

ಹಿಂಗಾರಿ ಬಿತ್ತನೆ ಮುಗಿದ ಮೇಲೆ ಈ ಕೆಲಸ ಬಿಡುತ್ತೇನೆ. ಇನ್ನು ನನ್ನಿಂದ ಆಗದು. ಕೀಲಿ ಬೇರೊಬ್ಬರ ಕೈಗೆ ಹೋಗುತ್ತದೆ. ಎಲ್ಲಿಯವರೋ ಯಾರೋ, ನನಗಿಂತ ಜಾಣರೇ ಸಿಕ್ಕಾರು. ಆದರೆ ಅವರವ್ವ ಸುರೇಬಾನದ ಪಾಳಿಯಲ್ಲಿ ನಿಂತಿರುವುದಿಲ್ಲ.

ಇಂತಿ,
ಸದ್ಯಕ್ಕೆ ಕೀಲಿ ಹಿಡಿದು ಕುಳಿತಿರುವ
ಪ್ರಜ್ಞಾ
ಬೈಲಹೊಂಗಲ